ಯೋಜನೆಗಳ ಮೌಲ್ಯಮಾಪನ ಮತ್ತು ಶಾಸನಸಭೆ: ಭಾರತದ ಅನುಭವ

ಸರ್ಕಾರದ ಖರ್ಚಿನ ಲೆಕ್ಕ ಪರಿಶೀಲಿಸುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಭಾರತದಲ್ಲಿ ರಚನೆಯಾದದ್ದು 1921ರಲ್ಲಿ, ಮಾಂಟೆಗೊ-ಚೆಲ್ಮ್ಸ್‌ಫರ್ಡ್ ಸುಧಾರಣೆಗಳ ಬೆನ್ನಲ್ಲಿ. 1950ರವರೆಗೆ ಹಣಕಾಸು ಖಾತೆಯ ಹೊಣೆ ಹೊತ್ತವರೇ ಅದರ ಅಧ್ಯಕ್ಷರು. ಲೆಕ್ಕ ಒಪ್ಪಿಸಬೇಕಾದವರೇ ಲೆಕ್ಕ ಕೇಳುತ್ತಿದ್ದರು. ಸಂವಿಧಾನ ಜಾರಿಯಾದ ಮೇಲೆ ಸಮಿತಿ ಸ್ಪೀಕರ್ ಅಧೀನಕ್ಕೆ ಬಂತು. ಅಧ್ಯಕ್ಷ ಸ್ಥಾನವನ್ನು ವಿರೋಧ ಪಕ್ಷಕ್ಕೆ ಬಿಟ್ಟುಕೊಡುವ ಪರಿಪಾಠ 1967ರಿಂದ ಬೆಳೆಯಿತು. ಮಹಾಲೇಖಪಾಲರ (ಸಿಎಜಿ) ವರದಿ ಸದನದ ಮುಂದೆ ಬರಲೇಬೇಕೆಂದು ಸಂವಿಧಾನದ 151ನೇ ವಿಧಿ ಹೇಳುತ್ತದೆ.

ಹಣ ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಹೀಗೆ ಗಟ್ಟಿ ದಾರಿ ಸಿಕ್ಕಿತು. ಆ ಹಣದಿಂದ ಜನರಿಗೆ ಏನು ದಕ್ಕಿತೆಂಬ ಪ್ರಶ್ನೆಯ ಚರಿತ್ರೆ ಬೇರೆಯೇ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಶುರುವಾದಾಗ, ಅದರ ಫಲ ಅಳೆಯಲು ಯೋಜನಾ ಆಯೋಗದಡಿ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆಯನ್ನೂ ಸ್ಥಾಪಿಸಲಾಯಿತು. ಡಿ. ಜಿ. ಕರ್ವೆ ಅದರ ಮೊದಲ ನಿರ್ದೇಶಕರು. ಹಳ್ಳಿಗರ ಪಾಲ್ಗೊಳ್ಳುವಿಕೆ ನಿರೀಕ್ಷೆಯ ಮಟ್ಟ ಮುಟ್ಟಿಲ್ಲವೆಂಬುದನ್ನು ಆರಂಭದ ವರದಿಗಳು ಮುಚ್ಚಿಡಲಿಲ್ಲ. ಆ ನೇರ ಮಾತು ಮೆಚ್ಚತಕ್ಕದ್ದೇ. ಆದರೆ ಸಂಸ್ಥೆ ಉತ್ತರಿಸಬೇಕಾಗಿದ್ದುದು ಆಯೋಗಕ್ಕೆ, ಸಂಸತ್ತಿಗಲ್ಲ. ಮುಂದಿನ ತೊಡಕುಗಳ ಬೇರು ಇಲ್ಲಿದೆ.

ಅಮೆರಿಕ ಹಿಡಿದ ಹಾದಿ ಬೇರೆ. ಬಡತನ ನಿವಾರಣಾ ಕಾರ್ಯಕ್ರಮಗಳ ಫಲಿತಾಂಶ ಪರೀಕ್ಷಿಸುವಂತೆ ಅಲ್ಲಿನ ಕಾಂಗ್ರೆಸ್ 1967ರಲ್ಲಿ ತನ್ನದೇ ಲೆಕ್ಕಪರಿಶೋಧನಾ ಕಚೇರಿಗೆ ಸೂಚಿಸಿತು. 1970ರ ಕಾಯ್ದೆ ಆ ಅಧಿಕಾರವನ್ನು ಇತರ ಕಾರ್ಯಕ್ರಮಗಳಿಗೂ ವಿಸ್ತರಿಸಿತು.

ಭಾರತದಲ್ಲಿ ಸಂಸತ್ತಿಗೆ ಉತ್ತರಿಸುವ ಮೌಲ್ಯಮಾಪನದ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ಮಹಾಲೇಖಪಾಲರ ಕಾರ್ಯಕ್ಷಮತೆಯ ಲೆಕ್ಕಪರಿಶೋಧನೆ. ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆ ಕುರಿತು 2013ರಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ವರದಿ ಬರೀ ವೋಚರುಗಳ ತಪಾಸಣೆಯಾಗಿರಲಿಲ್ಲ. ಪ್ರತಿ ಕುಟುಂಬಕ್ಕೆ ಸಿಕ್ಕ ಸರಾಸರಿ ಕೆಲಸ 2009-10ರಲ್ಲಿ 54 ದಿನವಿದ್ದದ್ದು 2011-12ರಲ್ಲಿ 43ಕ್ಕೆ ಇಳಿದಿದೆಯೆಂದು ಅದು ತೋರಿಸಿತು. ಸದಸ್ಯರು ಸಚಿವರನ್ನು ಪ್ರಶ್ನಿಸಲು ಬೇಕಾದದ್ದು ಇಂಥ ಮಾಹಿತಿಯೇ.

ಕಾರ್ಯಾಂಗದೊಳಗಿನ ಮೌಲ್ಯಮಾಪನಕ್ಕೆ ಮಾತ್ರ ನೆಲೆ ಸಿಗಲಿಲ್ಲ. ಕೇಂದ್ರ ಸರ್ಕಾರ ತೆರೆದ ಸ್ವತಂತ್ರ ಮೌಲ್ಯಮಾಪನ ಕಚೇರಿ ಕೆಲಸ ಶುರುಮಾಡಿ ಹೆಚ್ಚು ಕಾಲವಾಗುವ ಮೊದಲೇ, 2014ರಲ್ಲಿ ಮುಚ್ಚಿತು. ಮುಚ್ಚಿದ ಆ ಕಚೇರಿಯನ್ನೂ ಹಳೆಯ ಕಾರ್ಯಕ್ರಮ ಮೌಲ್ಯಮಾಪನ ಸಂಸ್ಥೆಯನ್ನೂ ವಿಲೀನಗೊಳಿಸಿ 2015ರಲ್ಲಿ, ಯೋಜನಾ ಆಯೋಗದ ಬದಲಿಗೆ ಬಂದ ನೀತಿ ಆಯೋಗದಡಿ ಹೊಸ ಕಚೇರಿ ತೆರೆಯಲಾಯಿತು. ಕಾನೂನಿನ ಬಲವಿಲ್ಲದ ಸಂಸ್ಥೆಯನ್ನು ಕಟ್ಟುವುದೂ ಕೆಡವುವುದೂ ಸರ್ಕಾರಿ ಆದೇಶದಿಂದಲೇ ಸಾಧ್ಯ.

ಕರ್ನಾಟಕ ಈ ವಿಷಯದಲ್ಲಿ ಮುಂದಡಿ ಇಟ್ಟ ರಾಜ್ಯ. ಇಲ್ಲಿನ ಮೌಲ್ಯಮಾಪನ ಪ್ರಾಧಿಕಾರ 2011ರಲ್ಲಿ ಸಂಘಗಳ ನೋಂದಣಿ ಕಾಯ್ದೆಯಡಿ ರೂಪುಗೊಂಡು, ಹೊರಗಿನ ತಜ್ಞ ಸಂಸ್ಥೆಗಳಿಂದ ಅಧ್ಯಯನ ಮಾಡಿಸುತ್ತ ಬಂದಿದೆ. ಆದರೆ ಅದೂ ಯೋಜನಾ ಇಲಾಖೆಯ ಆಶ್ರಯದಲ್ಲೇ ಇದೆ. ಹಾಗಾಗಿ ಅದರ ಅಧ್ಯಯನಗಳು ವಿಧಾನಮಂಡಲದಲ್ಲಿ ಮಂಡನೆಯಾಗಿ, ಶಿಫಾರಸಿನ ಮೇಲೆ ಇಲಾಖೆ ಕೈಗೊಂಡ ಕ್ರಮದ ವರದಿ ಗೊತ್ತಾದ ಗಡುವಿನೊಳಗೆ ಸದನ ಸಮಿತಿಗೆ ಬರುವಂತೆ ಶಾಸನವೇ ಕಟ್ಟುಪಾಡು ವಿಧಿಸಬೇಕು.