ಫೀಬಲ್: ಅಳುವಿನಿಂದ ಹುಟ್ಟಿದ ಪದ

ಅರ್ಥ

ಇಂಗ್ಲಿಷಿನ ‘ಫೀಬಲ್’ ಎಂದರೆ ನಿಶ್ಶಕ್ತ, ದುರ್ಬಲ. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಮೈಯ ಕಸುವು ಉಡುಗಿದವರಿಗೆ ಇದು ಸಲ್ಲುತ್ತದೆ. ಕ್ಷೀಣ ದನಿ, ಮಂಕು ಬೆಳಕು, ಹುರುಳಿಲ್ಲದ ನೆಪಗಳಿಗೂ ಇದೇ ವಿಶೇಷಣ.

ಮೂಲ

ಲ್ಯಾಟಿನ್ನಿನಲ್ಲಿ ‘ಫ್ಲೇರೆ’ ಎಂದರೆ ಅಳುವುದು. ಅದರಿಂದಾದ ‘ಫ್ಲೇಬಿಲಿಸ್’ಗೆ ‘ಕಂಡವರ ಕಣ್ಣಲ್ಲಿ ನೀರು ತರಿಸುವಂಥದ್ದು’ ಎಂಬ ಅರ್ಥ. ಪದದಲ್ಲಿದ್ದ ಎರಡು ಲಕಾರಗಳಲ್ಲಿ ಮೊದಲನೆಯದು ಬಿದ್ದುಹೋಗಿ ಹಳೆಯ ಫ್ರೆಂಚಿನಲ್ಲಿ ‘ಫೆಬ್ಲ್’ ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿಗೆ ಹರಿದುಬಂದ ಫ್ರೆಂಚ್ ಪದಗಳ ಸಾಲಿಗೆ ಇದೂ ಸೇರಿತು. 1200ರ ಸುಮಾರಿಗೆ ಇಂಗ್ಲಿಷಿನಲ್ಲಿ ಬಳಕೆಗೆ ಬಂತು. ಅಷ್ಟರೊಳಗೆ ನೋಡುವವರ ಕಣ್ಣೀರು ಮರೆಯಾಗಿ, ನೋಡಿಸಿಕೊಂಡವರ ದೌರ್ಬಲ್ಯವಷ್ಟೇ ಅರ್ಥವಾಗಿ ಉಳಿದಿತ್ತು.

ಇದರ ಒಡಹುಟ್ಟು ‘ಫಾಯ್ಬಲ್’. ಕತ್ತಿವರಸೆಯಲ್ಲಿ ಅದು ಅಲಗಿನ ತುದಿಯ ಕಡೆಯ, ಬಲ ಕಡಿಮೆಯಿರುವ ಭಾಗ. ಮುಂದೆ ಮನುಷ್ಯಸ್ವಭಾವದ ಸಣ್ಣಪುಟ್ಟ ಕುಂದಿಗೂ ಅದೇ ಹೆಸರು ಬಂತು.

ರಂಗದ ಮೇಲೆ

ಷೇಕ್ಸ್‌ಪಿಯರ್‌ನ ‘ನಾಲ್ಕನೆಯ ಹೆನ್ರಿ’ಯ ಎರಡನೆಯ ಭಾಗದಲ್ಲಿ ಫೀಬಲ್ ಎಂಬ ಹೆಸರಿನ ದರ್ಜಿಯೊಬ್ಬನಿದ್ದಾನೆ. ಸೈನ್ಯಕ್ಕೆ ಆಳು ಸೇರಿಸುವ ದೃಶ್ಯದಲ್ಲಿ ಗಟ್ಟಿಮುಟ್ಟಾದ ಇಬ್ಬರು ಲಂಚ ಕೊಟ್ಟು ಪಾರಾಗುತ್ತಾರೆ. ಯುದ್ಧಕ್ಕೆ ಮನಸಾರೆ ಒಪ್ಪುವವನು ಈ ದರ್ಜಿ. ಹೆಸರನ್ನು ಇಷ್ಟು ಚೆನ್ನಾಗಿ ಸುಳ್ಳು ಮಾಡಿದ ಪಾತ್ರ ಅಪರೂಪ.

ಕಾನೂನಿನ ಕೈಯಲ್ಲಿ

ಈ ಪದದ ಅತ್ಯಂತ ಕ್ರೂರ ಬಳಕೆ ನಡೆದದ್ದು 20ನೇ ಶತಮಾನದಲ್ಲಿ. ಬ್ರಿಟನ್ನಿನ 1913ರ ಮಾನಸಿಕ ನ್ಯೂನತಾ ಕಾಯ್ದೆ ಜನರನ್ನು ವರ್ಗಗಳಾಗಿ ವಿಂಗಡಿಸಿತು. ಅವುಗಳಲ್ಲಿ ಒಂದು ‘ಫೀಬಲ್ ಮೈಂಡೆಡ್’, ಅಂದರೆ ದುರ್ಬಲಬುದ್ಧಿಯವರು. ಅಮೆರಿಕದಲ್ಲೂ ಇದೇ ಹಣೆಪಟ್ಟಿ ಹಚ್ಚಿ ಸಾವಿರಾರು ಜನರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು.

ವರ್ಜೀನಿಯಾದ ಕ್ಯಾರಿ ಬಕ್ ಅವರಲ್ಲೊಬ್ಬಳು. ಅವಳ ಶಸ್ತ್ರಚಿಕಿತ್ಸೆಗೆ ಸುಪ್ರೀಂ ಕೋರ್ಟ್ 1927ರಲ್ಲಿ 8–1ರ ಬಹುಮತದಿಂದ ಒಪ್ಪಿಗೆ ಕೊಟ್ಟಿತು. ತೀರ್ಪು ಬರೆದವರು ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್. ಕ್ಯಾರಿಗೆ ಬುದ್ಧಿಮಾಂದ್ಯವೇ ಇರಲಿಲ್ಲವೆಂದು ಇತಿಹಾಸಕಾರರು ಆಮೇಲೆ ತೋರಿಸಿಕೊಟ್ಟರು. ತಾಯಿಯಂತೆಯೇ ಮಂದಬುದ್ಧಿಯವಳೆಂದು ವಿಚಾರಣೆಯಲ್ಲಿ ಹೇಳಿಸಿಕೊಂಡ ಮಗಳು ವಿವಿಯನ್, ಶಾಲೆಯಲ್ಲಿ ಒಳ್ಳೆಯ ಅಂಕ ಪಡೆದವರ ಪಟ್ಟಿಯಲ್ಲಿದ್ದಳು. ಒಂದು ಪದಕ್ಕೆ ಕಾನೂನಿನ ಬಲ ಕೊಡುವ ಮುನ್ನ ಅದನ್ನು ಯಾರ ಮೇಲೆ ಹೇರುತ್ತಿದ್ದೇವೆಂದು ಪರೀಕ್ಷಿಸದೆ ಹೋದದ್ದು ಅಕ್ಷಮ್ಯ.

ಬ್ರಿಟನ್ 1959ರ ಕಾಯ್ದೆಯಲ್ಲಿ ಈ ವರ್ಗೀಕರಣವನ್ನು ಕೈಬಿಟ್ಟಿತು. 2002ರಲ್ಲಿ ವರ್ಜೀನಿಯಾದ ಗವರ್ನರ್ ಮಾರ್ಕ್ ವಾರ್ನರ್ ತಮ್ಮ ರಾಜ್ಯದ ಪರವಾಗಿ ಕ್ಷಮೆ ಕೇಳಿದರು. ಕ್ಯಾರಿ ಬಕ್ ತೀರ್ಪನ್ನು ಮಾತ್ರ ಅಮೆರಿಕದ ಸುಪ್ರೀಂ ಕೋರ್ಟ್ ನೇರವಾಗಿ ರದ್ದುಮಾಡಿಲ್ಲ.