ಅಕ್ಷರ ಕುಣಿಸುವ ಕಸುಬು

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆಗೆ ಬೇಡವಾದ ಸಾಮಾನು ರಾಶಿರಾಶಿಯಾಗಿ ಗುಜರಿ ಸೇರಿತು. ಅದರಲ್ಲಿ ಎಂ-5 ಎಂಬ ಯಂತ್ರವೂ ಇತ್ತು. ಹಾರುತ್ತಿರುವ ಶತ್ರುವಿಮಾನ ಇನ್ನು ಕೆಲವು ಕ್ಷಣಗಳಲ್ಲಿ ಎಲ್ಲಿರುತ್ತದೆ ಎಂದು ಲೆಕ್ಕ ಹಾಕಿ, ಫಿರಂಗಿಗೆ ಗುರಿ ತೋರಿಸುವುದು ಅದರ ಕೆಲಸ. ಕ್ಯಾಲಿಫೋರ್ನಿಯಾದ ಜಾನ್ ವಿಟ್ನಿ ಅಂಥದ್ದೊಂದು ಯಂತ್ರವನ್ನು ತಂದು ಚಿತ್ರ ಬರೆಯಲು ಹಚ್ಚಿದರು. 1958ರಲ್ಲಿ ಬಂದ ಹಿಚ್‌ಕಾಕ್ ಅವರ ‘ವರ್ಟಿಗೊ’ ಚಿತ್ರದ ಆರಂಭದಲ್ಲಿ ಹೆಣ್ಣಿನ ಕಣ್ಣೊಳಗಿಂದ ಸುರುಳಿಗಳು ಬಿಚ್ಚಿಕೊಳ್ಳುತ್ತ ಬರುತ್ತವೆ. ಶೀರ್ಷಿಕೆಯನ್ನು ವಿನ್ಯಾಸ ಮಾಡಿದವರು ಸಾಲ್ ಬಾಸ್. ಆ ಸುರುಳಿಗಳು ವಿಟ್ನಿಯ ಯಂತ್ರದವು. ಎರಡು ವರ್ಷದ ನಂತರ, 1960ರಲ್ಲಿ, ವಿಟ್ನಿ ಕಟ್ಟಿದ ಕಂಪನಿಯ ಹೆಸರು ಮೋಷನ್ ಗ್ರಾಫಿಕ್ಸ್ ಇನ್‌ಕಾರ್ಪೊರೇಟೆಡ್. ಇವತ್ತು ಜಗತ್ತಿನಲ್ಲೆಲ್ಲ ಈ ಕಸುಬಿಗೆ ಇರುವ ಹೆಸರು ಅದೇ.

ಅಂದರೆ ಬೇರೆಯವರು ಎಸೆದ ಸಾಮಾನಿನಿಂದಲೇ ಈ ವಿದ್ಯೆ ಒಂದು ದೊಡ್ಡ ಹೆಜ್ಜೆ ಇಟ್ಟಿತು. ಆಮೇಲಿನ ಮೂರು ದಶಕ ಮಾತ್ರ ಅದು ದುಡ್ಡಿದ್ದವರ ಮನೆಯಲ್ಲೇ ಬೆಳೆಯಿತು.

ಆ ಕಾಲದ ಕೆಲಸ ಹೇಗಿತ್ತು ಎಂದು ತಿಳಿಯಲು ರೋಸ್ಟ್ರಮ್ ಕ್ಯಾಮೆರಾದ ಎದುರು ನಿಲ್ಲಬೇಕು. ಗಟ್ಟಿ ಕಂಬಕ್ಕೆ ಬಿಗಿದ, ಕೆಳಮುಖವಾಗಿ ನೋಡುವ ಕ್ಯಾಮೆರಾ, ಕೆಳಗೆ ಮೇಜು, ಮೇಜಿನ ಮೇಲೆ ಅಕ್ಷರ ಬರೆದ ಹಾಳೆ. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮು. ಹತ್ತು ಸೆಕೆಂಡಿನ ಶೀರ್ಷಿಕೆಗೆ 240 ಸಲ ಹಾಳೆಯನ್ನು ಕೂದಲೆಳೆಯಷ್ಟು ಸರಿಸಬೇಕು, 240 ಸಲ ಕ್ಲಿಕ್ಕಿಸಬೇಕು. ಹಿನ್ನೆಲೆ ಬೇರೆ, ಅಕ್ಷರ ಬೇರೆ, ಹೊಳಪು ಬೇರೆ ಎಂದು ಮೂರು ಪದರ ಬೇಕಾದರೆ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಮತ್ತೆರಡು ಸಲ ಅಷ್ಟೇ ಕೆಲಸ. ಮೂರನೇ ಸುತ್ತಿನ 239ನೇ ಫ್ರೇಮಿನಲ್ಲಿ ಕೈ ತಪ್ಪಿದರೆ ಹಿಂದಿನ ಎರಡು ಸುತ್ತೂ ನೀರಿಗೆ ಬಿದ್ದಂತೆ. ತಪ್ಪಿದ್ದು ತಿಳಿಯುವುದೂ ಲ್ಯಾಬಿನಿಂದ ಫಿಲ್ಮ್ ತೊಳೆದು ಬಂದ ಮೇಲೆಯೇ.

ಹೀಗಾಗಿ ಕೆಲಸದ ಬಹುಪಾಲು ಕ್ಯಾಮೆರಾ ಮುಟ್ಟುವ ಮೊದಲೇ ಕಾಗದದ ಮೇಲೆ ಮುಗಿಯುತ್ತಿತ್ತು. ಜಾತ್ರೆಯ ತೇರು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಗ್ಗ ಎಳೆದ ಕೂಡಲೇ ತೇರು ಓಡುವುದಿಲ್ಲ. ಮೊದಲು ಮಿಸುಕುತ್ತದೆ, ಆಮೇಲೆ ಹೊರಳುತ್ತದೆ, ನಿಲ್ಲುವಾಗಲೂ ತೂಗಾಡಿ ನಿಲ್ಲುತ್ತದೆ. ತೆರೆಯ ಮೇಲಿನ ಅಕ್ಷರಕ್ಕೂ ಆ ಭಾರ ಬರಬೇಕಾದರೆ ಮೊದಲ ಫ್ರೇಮಿಗೆ ಇಷ್ಟು, ಎರಡನೆಯದಕ್ಕೆ ಅದಕ್ಕಿಂತ ತುಸು ಹೆಚ್ಚು, ನಡುವೆ ದೊಡ್ಡ ಹೆಜ್ಜೆ, ಕೊನೆಗೆ ಮತ್ತೆ ಸಣ್ಣ ಹೆಜ್ಜೆ ಎಂದು ಕೋಷ್ಟಕ ಬರೆದುಕೊಳ್ಳಬೇಕಿತ್ತು. ಇವತ್ತಿನ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶದಲ್ಲಿ ಎಫ್-9 ಗುಂಡಿ ಒತ್ತಿದರೆ ಈ ಏರಿಳಿತ ತಾನಾಗಿ ಬರುತ್ತದೆ. ಆ ಒಂದು ಗುಂಡಿಯ ಹಿಂದೆ ಹಳೆಯವರ ಅಷ್ಟೂ ಕೋಷ್ಟಕಗಳಿವೆ.

ನಮ್ಮ ಮನೆಗಳಿಗೆ ಈ ಕಸುಬು ಬಂದದ್ದು ದೂರದರ್ಶನದ ಲಾಂಛನವಾದ ಆ ಕಣ್ಣಿನ ಮೂಲಕ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಓದುತ್ತಿದ್ದ ದೇವಾಶಿಷ್ ಭಟ್ಟಾಚಾರ್ಯ ಬರೆದ ರೇಖಾಚಿತ್ರ ಅದು. ಅದೇ ಸಂಸ್ಥೆಯ ಆರ್.ಎಲ್. ಮಿಸ್ತ್ರಿ ಆ ಚಿತ್ರದ ಪ್ರತಿಗಳನ್ನು ಮಾಡಿ, ಕ್ಯಾಮೆರಾದ ಕೆಳಗಿಟ್ಟು ತಿರುಗಿಸುತ್ತ ಚಿತ್ರೀಕರಿಸಿದರು. ಪಂಡಿತ್ ರವಿಶಂಕರ್ ಮತ್ತು ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನ್ ಅವರ ಸಂಗೀತದೊಂದಿಗೆ 1976ರಲ್ಲಿ ಅದು ತೆರೆಗೆ ಬಂತು. 1981ರಲ್ಲಿ ಬೆಂಗಳೂರು ಕೇಂದ್ರ ಶುರುವಾದ ಮೇಲೆ ಕನ್ನಡದ ಒಂದಿಡೀ ತಲೆಮಾರು ಆ ಎರಡು ಬಾಗುರೇಖೆಗಳು ಸುತ್ತುತ್ತ ಬಂದು ಕಣ್ಣಾಗುವುದನ್ನು ಪ್ರತಿದಿನ ನೋಡಿತು. ಕಂಪ್ಯೂಟರಿನ ಸುಳಿವೇ ಇಲ್ಲದ ಆ ಕೆಲವು ಸೆಕೆಂಡುಗಳು ಇವತ್ತಿಗೂ ಹಳತಾಗಿಲ್ಲ. ಭಾರತದ ಚಲನ ವಿನ್ಯಾಸದಲ್ಲಿ ಅದಕ್ಕೆ ಸಾಟಿಯಾದದ್ದು ಕಡಿಮೆ.

1978ರ ‘ಸೂಪರ್‌ಮ್ಯಾನ್’ ಶೀರ್ಷಿಕೆ ಇನ್ನೂ ದೊಡ್ಡ ಸಾಹಸ. ನ್ಯೂಯಾರ್ಕಿನ ಗ್ರೀನ್‌ಬರ್ಗ್ ಸಹೋದರರು ಹಿಂದಿನಿಂದ ಬೆಳಕು ಬಿಟ್ಟ ಅಕ್ಷರಗಳ ಮುಂದೆ ಕ್ಯಾಮೆರಾವನ್ನು ಚಲಿಸುತ್ತ, ಒಂದೊಂದು ಫ್ರೇಮಿಗೂ ಶಟರ್ ತೆರೆದೇ ಇಟ್ಟು, ಹೆಸರುಗಳು ಬೆಳಕಿನ ಬಾಲ ಬಿಟ್ಟುಕೊಂಡು ಹಾರುವಂತೆ ಮಾಡಿದರು. ಅದನ್ನು ನೋಡಿದ ಪ್ರತಿ ಟಿ.ವಿ. ವಾಹಿನಿಗೂ ಅಂಥದ್ದೇ ಬೇಕೆನಿಸಿತು. ಯಂತ್ರ ಇದ್ದದ್ದು ಎಲ್ಲೋ ಕೆಲವರ ಬಳಿ ಮಾತ್ರ.

ಆಗ ಬಂದದ್ದು ಕ್ವಾಂಟೆಲ್ ಕಂಪನಿಯ ಪೇಂಟ್‌ಬಾಕ್ಸ್. 1981ರಲ್ಲಿ ಬ್ರಿಟನ್ನಿನಲ್ಲಿ ತಯಾರಾದ ಈ ಯಂತ್ರದಲ್ಲಿ ಕಲಾವಿದ ಒತ್ತಡ ಗ್ರಹಿಸುವ ಪೆನ್ನು ಹಿಡಿದು ಫಲಕದ ಮೇಲೆ ಎಳೆದರೆ ಬಣ್ಣ ನೇರವಾಗಿ ಟಿ.ವಿ. ಪರದೆಯ ಮೇಲೆ ಮೂಡುತ್ತಿತ್ತು. ಬೆಲೆ ಸುಮಾರು ಎರಡೂವರೆ ಲಕ್ಷ ಡಾಲರ್. ಕೊಳ್ಳುವ ತಾಕತ್ತು ಇದ್ದದ್ದು ವಾಹಿನಿಗಳಿಗೆ ಮತ್ತು ಗಂಟೆಗಿಷ್ಟು ಎಂದು ಬಾಡಿಗೆಗೆ ಬಿಡುವ ಸ್ಟುಡಿಯೊಗಳಿಗೆ. ಫಿಲ್ಮ್ ತೊಳೆದು ಬರುವವರೆಗೆ ಕಾಯುವುದು ತಪ್ಪಿತಾದರೂ, ಗಡಿಯಾರದ ಮುಳ್ಳು ನೋಡುತ್ತ ಕೆಲಸ ಮಾಡುವ ಆತಂಕ ಬಂತು. ಹೊಸಬನೊಬ್ಬನಿಗೆ ಸುಮ್ಮನೆ ಎಳೆದು ನೋಡಲು, ಕೆಡಿಸಿ ಕಲಿಯಲು ಅಲ್ಲಿ ಜಾಗವಿರಲಿಲ್ಲ. ಕಲಿಯಬೇಕೆಂದರೆ ಮೊದಲು ಆ ಕೋಣೆಯೊಳಗೆ ನೌಕರಿ ಸಿಗಬೇಕಿತ್ತು.

ಕೋಣೆಯ ಬಾಗಿಲು ಒಡೆದದ್ದು 1990ರಲ್ಲಿ. ಅಮೆರಿಕದ ಕಾನ್ಸಸ್ ರಾಜ್ಯದ ಟೊಪೀಕಾ ಊರಿನ ನ್ಯೂಟೆಕ್ ಕಂಪನಿ, ಅಮಿಗಾ ಎಂಬ ಮನೆಬಳಕೆಯ ಕಂಪ್ಯೂಟರಿಗೆ ಸಿಕ್ಕಿಸುವ ವಿಡಿಯೊ ಟೋಸ್ಟರ್ ಎಂಬ ಕಾರ್ಡನ್ನು ಮಾರಾಟಕ್ಕೆ ತಂದಿತು. ಬೆಲೆ ಎರಡೂವರೆ ಸಾವಿರ ಡಾಲರಿಗೂ ಕಡಿಮೆ, ಪೇಂಟ್‌ಬಾಕ್ಸಿನ ನೂರರಲ್ಲೊಂದು ಪಾಲು. ಗುಣಮಟ್ಟದಲ್ಲಿ ಎರಡೂ ಒಂದೇ ಎನ್ನಲಾಗದು. ಆದರೆ ಮದುವೆ ವಿಡಿಯೊ ತೆಗೆಯುವವರ, ಊರಿನ ಕೇಬಲ್ ವಾಹಿನಿಯವರ ಕೈಗೆ ಮೊದಲ ಸಲ ಹಾರುವ ಅಕ್ಷರ ಸಿಕ್ಕಿತು. ಅದರ ಜೊತೆಗೇ ಬರುತ್ತಿದ್ದ ಲೈಟ್‌ವೇವ್ ತಂತ್ರಾಂಶದಿಂದ ‘ಬ್ಯಾಬಿಲಾನ್ 5’ ಧಾರಾವಾಹಿಯ ಬಾಹ್ಯಾಕಾಶ ನೌಕೆಗಳೇ ಹುಟ್ಟಿದವು.

ಮೂರು ವರ್ಷ ಕಳೆದು, 1993ರ ಜನವರಿಯಲ್ಲಿ, ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದಿಂದ ಇನ್ನೊಂದು ಹತ್ಯಾರು ಬಂತು. ಕಂಪನಿ ಆಫ್ ಸೈನ್ಸ್ ಅಂಡ್ ಆರ್ಟ್ ಎಂಬ ಪುಟ್ಟ ಸಂಸ್ಥೆಯ ಹುಡುಗರು ಮ್ಯಾಕಿಂಟೋಷ್ ಕಂಪ್ಯೂಟರಿಗಾಗಿ ಬರೆದ ಆಫ್ಟರ್ ಎಫೆಕ್ಟ್ಸ್ ಅದು. ರೋಸ್ಟ್ರಮ್ ಮೇಜಿನ ಮೇಲಿದ್ದ ಪದರಗಳು ಈಗ ಪರದೆಯ ಮೇಲೆ ಒಂದರ ಕೆಳಗೊಂದು ಪಟ್ಟಿಯಾಗಿ ಕೂತವು. ಎಷ್ಟು ಪದರ ಹಾಕಿದರೂ ಹಿಂದಿನದು ಕೆಡುವ ಭಯವಿಲ್ಲ. ಅದೇ ವರ್ಷ ಆಲ್ಡಸ್ ಕಂಪನಿ ಅದನ್ನು ಕೊಂಡಿತು, ಮರುವರ್ಷ ಆಲ್ಡಸ್ಸನ್ನೇ ಅಡೋಬಿ ಕೊಂಡಿತು. ಆ ತಂತ್ರಾಂಶ ರೂಪಿಸಿದವರಿಗೆ 2019ರಲ್ಲಿ ಆಸ್ಕರ್ ಅಕಾಡೆಮಿ ತಾಂತ್ರಿಕ ಪ್ರಶಸ್ತಿ ಕೊಟ್ಟು ಗೌರವಿಸಿತು.

ದೊಡ್ಡ ಯಂತ್ರದವರು ಸುಮ್ಮನಿರಲಿಲ್ಲ. ತಮ್ಮ ಪೇಟೆಂಟುಗಳನ್ನು ಅಡೋಬಿಯ ಫೋಟೊಶಾಪ್ ಉಲ್ಲಂಘಿಸಿದೆ ಎಂದು ಕ್ವಾಂಟೆಲ್ ಅಮೆರಿಕದ ನ್ಯಾಯಾಲಯಕ್ಕೆ ಹೋಯಿತು. ಕಂಪ್ಯೂಟರ್ ಚಿತ್ರಕಲೆಯ ಹಿರಿಯ ಆಲ್ವಿ ರೇ ಸ್ಮಿತ್, ಪೇಂಟ್‌ಬಾಕ್ಸಿಗೂ ಮುಂಚೆ ತಾವೇ ಬರೆದಿದ್ದ ಪ್ರೋಗ್ರಾಮನ್ನು ಸಾಕ್ಷ್ಯವಾಗಿ ಮುಂದಿಟ್ಟರು. 1997ರಲ್ಲಿ ಕ್ವಾಂಟೆಲ್ ಸೋತಿತು. ಆ ತೀರ್ಪು ಉಲ್ಟಾ ಬಂದಿದ್ದರೆ ಅಗ್ಗದ ತಂತ್ರಾಂಶಗಳ ದಾರಿ ಅಲ್ಲೇ ಮುಚ್ಚುವ ಸಾಧ್ಯತೆ ಇತ್ತು.

ಬೆಲೆ ಇಳಿದ ಮೇಲೆ ಕೌಶಲಕ್ಕೆ ಏನಾಯಿತು? ಕುಶಲತೆ ಸತ್ತಿತು ಎಂದು ಹಳಬರು ಹಲುಬಿದ್ದು ಪೂರ್ತಿ ಸುಳ್ಳಲ್ಲ. ತಪ್ಪಿಗೆ ಬೆಲೆ ಇದ್ದ ಕಾಲದಲ್ಲಿ ಯೋಚನೆ ಮೊದಲು, ಕೈ ಆಮೇಲೆ. ತಪ್ಪು ಪುಕ್ಕಟೆಯಾದ ಮೇಲೆ ಕೈ ಮುಂದೆ ಓಡಿತು. ಅಕ್ಷರಕ್ಕೆ ಹೊಳಪು, ನೆರಳು, ಕಿಡಿ ಎಲ್ಲವನ್ನೂ ಹಚ್ಚುವ ಚಟ ಹಬ್ಬಿತು. 1995ರ ‘ಸೆವೆನ್’ ಚಿತ್ರಕ್ಕೆ ಕೈಲ್ ಕೂಪರ್ ಮಾಡಿದ ಶೀರ್ಷಿಕೆ ಇದಕ್ಕೆ ಒಳ್ಳೆಯ ಪಾಠ. ಕಂಪ್ಯೂಟರ್ ಕೈಗೆ ಸಿಗುತ್ತಿದ್ದ ಹೊತ್ತಿನಲ್ಲೂ ಅವರು ಹೆಸರುಗಳನ್ನು ಕಪ್ಪು ಹಲಗೆಯ ಮೇಲೆ ಕೈಯಲ್ಲೇ ಗೀರಿಸಿದರು. ಆ ಕಥೆಯ ಕೊಲೆಗಾರನ ಮನಸ್ಸಿನ ಒರಟುತನ ಅಕ್ಷರಕ್ಕೆ ಬಂತು. ಆಮೇಲೆ ನೂರಾರು ಮಂದಿ ಆ ನಡುಗುವ ಅಕ್ಷರವನ್ನು ಕಂಪ್ಯೂಟರಿನಲ್ಲಿ ನಕಲು ಮಾಡಿದರು. ಗೀರು ಸಿಕ್ಕಿತು, ಕಾರಣ ಸಿಗಲಿಲ್ಲ.

ಹಾಗಿದ್ದರೂ ತೂಕ ಹಾಕಿದರೆ ಲಾಭದ ತಟ್ಟೆಯೇ ಕೆಳಗಿಳಿಯುತ್ತದೆ. ಕಾರಣ ಕಲಿಕೆ. ಸಾವಿರ ಸಲ ಕೆಡಿಸುವ ಅವಕಾಶವಿಲ್ಲದೆ ಯಾವ ಕಸುಬೂ ಕೈಗೆ ಹತ್ತುವುದಿಲ್ಲ; ಕುಂಬಾರನ ಮಗನಿಗೆ ಮಣ್ಣು ಪುಕ್ಕಟೆ ಇದ್ದದ್ದರಿಂದಲೇ ತಿಗರಿ ಒಲಿಯಿತು. 2000ದ ದಶಕದ ನಡುವಿನಲ್ಲಿ ಆಂಡ್ರ್ಯೂ ಕ್ರೇಮರ್ ‘ವಿಡಿಯೊ ಕೋಪೈಲಟ್’ ಹೆಸರಿನಲ್ಲಿ ಆಫ್ಟರ್ ಎಫೆಕ್ಟ್ಸ್ ಪಾಠಗಳನ್ನು ಉಚಿತವಾಗಿ ಅಂತರ್ಜಾಲಕ್ಕೆ ಹಾಕತೊಡಗಿದರು. ಗುರು ಒಬ್ಬ, ಶಿಷ್ಯರು ದೇಶದೇಶಗಳಲ್ಲಿ. ಅದೇ ಕ್ರೇಮರ್ ಮುಂದೆ 2009ರ ‘ಸ್ಟಾರ್ ಟ್ರೆಕ್’ ಚಿತ್ರದ ಶೀರ್ಷಿಕೆ ಮಾಡಿದರು. ಕರ್ನಾಟಕದ ಸಣ್ಣ ಊರುಗಳ ಎಷ್ಟೋ ಹುಡುಗ ಹುಡುಗಿಯರು ಇಂಗ್ಲಿಷ್ ಅರ್ಧ ಅರ್ಥವಾದರೂ ಇಂಥ ಪಾಠಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಕಸುಬು ಕಲಿತರು.

ಅವರ ಮುಂದೆ ಇಂಗ್ಲಿಷಿನವರಿಗೆ ಇಲ್ಲದ ಒಂದು ತೊಡಕಿತ್ತು: ನಮ್ಮ ಲಿಪಿ. ‘ಅಕ್ಷರ ಒಂದೊಂದಾಗಿ ಹಾರಿ ಬರಲಿ’ ಎಂಬುದು ಆಫ್ಟರ್ ಎಫೆಕ್ಟ್ಸ್‌ನಲ್ಲಿ ಮೊದಲ ವಾರದ ಪಾಠ. ಅದನ್ನೇ ಕನ್ನಡದಲ್ಲಿ ಮಾಡಲು ಹೋದರೆ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ವರ್ಷಗಟ್ಟಲೆ ಸರಿಯಾಗಿ ಜೋಡಿಸಲು ಬರುತ್ತಿರಲಿಲ್ಲ; ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ಬಿದ್ದಿರುತ್ತಿತ್ತು. ದಾರಿ ಕಾಣದೆ ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳ ಮೊರೆ ಹೋಗಬೇಕಾಯಿತು. ಅಲ್ಲಿ ಅಕ್ಷರದ ಒಡಲು ಬೇರೆ, ತಲೆಕಟ್ಟು ಬೇರೆ, ಒತ್ತು ಬೇರೆ. ‘ಕನ್ನಡ’ ಎಂದು ಬರೆದರೆ ನಮ್ಮ ಕಣ್ಣಿಗೆ ಮೂರು ಅಕ್ಷರ, ಯಂತ್ರಕ್ಕೆ ಏಳು ತುಂಡು: ಕಕಾರದ ಒಡಲು, ಅದರ ತಲೆಕಟ್ಟು, ನಕಾರದ ಒಡಲು, ಅದರ ತಲೆಕಟ್ಟು, ನಕಾರದ ಒತ್ತು, ಡಕಾರದ ಒಡಲು, ಕೊನೆಗೆ ಅದರ ತಲೆಕಟ್ಟು. ಹಾರಿ ಬಾ ಎಂದರೆ ಏಳೂ ಬೇರೆ ಬೇರೆಯಾಗಿ ಹಾರಿದವು. ರುಂಡ ಒಂದು ಕಡೆ, ಮುಂಡ ಒಂದು ಕಡೆ.

ಚಿತ್ರಗೀತೆಗಳ ಲಿರಿಕಲ್ ವಿಡಿಯೊ ಮಾಡುವವರು ಇದಕ್ಕೆ ಕಂಡುಕೊಂಡ ಉಪಾಯ ಕೈಕೆಲಸವೇ. ಪದವನ್ನು ಬೇರೆ ತಂತ್ರಾಂಶದಲ್ಲಿ ಬರೆದು, ಗೆರೆಗಳಾಗಿ ಬದಲಿಸಿ, ಒಂದೊಂದು ಅಕ್ಷರವನ್ನೂ ಅದರ ಒತ್ತು, ಕೊಂಬು, ದೀರ್ಘದ ಸಮೇತ ಕತ್ತರಿಸಿ ಒಂದೊಂದು ಪದರ ಮಾಡಿ, ಆಮೇಲೆ ಕುಣಿಸುವುದು. ರೋಸ್ಟ್ರಮ್ ಕಾಲದ ತಾಳ್ಮೆ ಹೀಗೆ ಕನ್ನಡದ ಮಟ್ಟಿಗೆ ಲ್ಯಾಪ್‌ಟಾಪಿನಲ್ಲೂ ಉಳಿಯಿತು. ಗೀತೆಯ ಒಂದು ಸಾಲು ತೆರೆಯ ಮೇಲೆ ಇರುವುದು ನಾಲ್ಕೈದು ಸೆಕೆಂಡು. ಅದರ ಹಿಂದೆ ಕೂತವರ ಹೆಸರು ಎಷ್ಟೋ ಸಲ ವಿಡಿಯೊ ಕೆಳಗಿನ ವಿವರದಲ್ಲೂ ಇರುವುದಿಲ್ಲ. ಇದು ಸರಿಯಲ್ಲ, ಗೀತೆ ಬರೆದವರ ಹೆಸರಿನ ಜೊತೆ ಅಕ್ಷರ ಕುಣಿಸಿದವರ ಹೆಸರೂ ಇರಬೇಕು.

ಅಗ್ಗ ಎಂಬುದೂ ಶಾಶ್ವತವಲ್ಲ. 2013ರಲ್ಲಿ ಅಡೋಬಿ ತನ್ನ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಒಮ್ಮೆ ಕೊಂಡು ಇಟ್ಟುಕೊಳ್ಳುವ ಪದ್ಧತಿ ಬಿಟ್ಟು ಬಾಡಿಗೆ ಪದ್ಧತಿಗೆ ಹೊರಳಿತು. ಚಂದಾ ನಿಂತರೆ ಹತ್ಯಾರೂ ಕೈಬಿಡುತ್ತದೆ. ಸಣ್ಣ ಊರಿನ ಸ್ಟುಡಿಯೊಗಳಿಗೆ ಅದು ಭಾರವೇ. ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದ ಮಹತ್ವ ತಿಳಿಯುವುದು ಇಲ್ಲಿ. ನೆದರ್‌ಲ್ಯಾಂಡ್ಸಿನ ಟಾನ್ ರೂಸೆಂಡಾಲ್ ಕಟ್ಟಿದ ಕಂಪನಿ 2002ರಲ್ಲಿ ಮುಚ್ಚಿದಾಗ, ತಂತ್ರಾಂಶವನ್ನು ಬಿಡಿಸಿಕೊಳ್ಳಲು ಒಂದು ಲಕ್ಷ ಯೂರೊ ಬೇಕಿತ್ತು. ಬಳಕೆದಾರರು ಏಳು ವಾರಗಳಲ್ಲಿ ಅದನ್ನು ಒಟ್ಟು ಮಾಡಿ ಕೊಟ್ಟರು. ಅಂದಿನಿಂದ ಅದು ಎಲ್ಲರಿಗೂ ಪುಕ್ಕಟೆ. ಲಾಟ್ವಿಯಾ ಎಂಬ ಸಣ್ಣ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಅದೇ ಬ್ಲೆಂಡರ್‌ನಲ್ಲಿ ರೂಪಿಸಿದ ‘ಫ್ಲೋ’ ಚಿತ್ರ 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಪಡೆಯಿತು. ಒಂದು ಬೆಕ್ಕಿನ ಕಥೆ ಅದು, ಮಾತೇ ಇಲ್ಲ.

ಕರ್ನಾಟಕ 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದು ನೀತಿ ತಂದ ರಾಜ್ಯ. ದೇಶದಲ್ಲಿ ಅದೇ ಮೊದಲು. ಆ ಹೆಮ್ಮೆಗೆ ತಕ್ಕಂತೆ ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಸೇರಿದಂತೆ ನಮ್ಮ ಕಲಾಶಾಲೆಗಳು ಒಂದು ಸೆಮಿಸ್ಟರನ್ನು ಕನ್ನಡ ಅಕ್ಷರದ ಚಲನೆಗೆ ಮೀಸಲಿಡಲಿ, ಪಾಠಗಳನ್ನು ಕನ್ನಡದಲ್ಲೇ ಎಲ್ಲರಿಗೂ ತೆರೆದಿಡಲಿ. ಸಾಮಗ್ರಿಗೆ ಕೊರತೆಯಿಲ್ಲ. ಏಕ್ ಟೈಪ್ ತಂಡ 2022ರಲ್ಲಿ ಹೊರತಂದ ಅನೇಕ್ ಕನ್ನಡ ಫಾಂಟು ಯೂನಿಕೋಡಿನದು. ಅದರಲ್ಲಿ ಅಕ್ಷರ ಸಪೂರದಿಂದ ದಪ್ಪಕ್ಕೆ, ಕಿರಿದರಿಂದ ಅಗಲಕ್ಕೆ ಹಂತವೇ ಕಾಣದಂತೆ ಹಿಗ್ಗುತ್ತದೆ. ಇಳಿಸಿಕೊಳ್ಳಲು ಒಂದು ರೂಪಾಯಿಯೂ ಬೇಕಿಲ್ಲ.