ಚಟ ಹತ್ತಲ್ಲ ಅಂತ ಹೇಳಿದ್ದು ಯಾರು?

ಕೆಲವು ತಿಂಗಳ ಹಿಂದೆ ಡ್ರಗ್ಸ್ ಜಾಲದ ಬಗ್ಗೆ ನಾವೊಂದು ಗಂಟೆ ಕಾರ್ಯಕ್ರಮ ಮಾಡಿದ್ವಿ. ಸ್ಕ್ರೀನ್ ತುಂಬಾ ಕೆಂಪಕ್ಷರ, ಹಿನ್ನೆಲೆಯಲ್ಲಿ ಸಿರಿಂಜ್ ಚಿತ್ರ, ನನ್ನ ದನಿಯೂ ಅವತ್ತು ಸ್ವಲ್ಪ ಜಾಸ್ತಿನೇ ಏರಿತ್ತು. ಮುಗಿದ ಮೇಲೆ ಹಾಸನದ ಕಡೆಯಿಂದ ಒಬ್ಬ ನಿವೃತ್ತ ಮೇಷ್ಟ್ರು ಫೋನ್ ಮಾಡಿದ್ರು. "ಅಲ್ಲ ಸಾರ್, ಗಾಂಜಾನೂ ಡ್ರಗ್ಸ್, ಹೆರಾಯಿನ್ನೂ ಡ್ರಗ್ಸ್, ನೋವಿನ ಮಾತ್ರೆನೂ ಡ್ರಗ್ಸ್ ಅಂದ್ರಿ. ಯಾವುದು ಎಷ್ಟು ಚಟ ಹಿಡಿಸುತ್ತೆ ಅಂತ ಒಂದು ಸಲನೂ ಹೇಳಲಿಲ್ಲವಲ್ಲ?" ಅಂದ್ರು. ನಿಜ ಹೇಳಬೇಕು ಅಂದ್ರೆ ಆ ಹೊತ್ತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಕೂತು ಓದಿದೆ. ಓದಿದ್ದನ್ನ ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ. ಮೇಷ್ಟ್ರೇ, ಇದು ನಿಮಗೆ.

ಮೊದಲು ಲೆಕ್ಕ ನೋಡಿಬಿಡೋಣ. ಅಮೆರಿಕದಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆದು ಅದರ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಪ್ರಶ್ನೆ ಸರಳ: ಒಂದು ವಸ್ತುವನ್ನ ಒಮ್ಮೆಯಾದರೂ ಬಳಸಿದವರಲ್ಲಿ ಮುಂದೆ ಎಷ್ಟು ಜನ ಅದಕ್ಕೆ ದಾಸರಾದರು? ಗಾಂಜಾ ಸೇದಿದ ನೂರು ಜನರಲ್ಲಿ ಸುಮಾರು 9. ಮದ್ಯ ಕುಡಿದವರಲ್ಲಿ 15. ಕೊಕೇನ್ 17. ಹೆರಾಯಿನ್ 23. ಪಟ್ಟಿಯ ತಲೆ ಮೇಲೆ ಕೂತಿದ್ದು ಇದ್ಯಾವುದೂ ಅಲ್ಲ. 32 ಅಂಕ ಪಡೆದು ಅಲ್ಲಿ ಕೂತಿದ್ದದ್ದು ತಂಬಾಕು! ನಮ್ಮ ಮನೆ ಪಕ್ಕದ ಗೂಡಂಗಡಿಯಲ್ಲಿ ನೇತಾಡ್ತಿರುತ್ತಲ್ಲ, ಅದೇ.

ಹಾಗಂತ ಹೆರಾಯಿನ್‌ಗಿಂತ ಬೀಡಿ ಭಯಂಕರ ಅಂತ ಅಲ್ಲ. ಬೀಡಿ ಸೇದಿದವನು ಅದೇ ರಾತ್ರಿ ಉಸಿರು ನಿಂತು ಸಾಯಲ್ಲ, ಹೆರಾಯಿನ್ ತಗೊಂಡವನು ಸಾಯಬಹುದು. ಬೀಡಿ ಪ್ರತಿ ತಿರುವಿನಲ್ಲೂ ಸಿಗುತ್ತೆ, ಹೆರಾಯಿನ್ ಹುಡುಕಿಕೊಂಡು ಹೋಗಬೇಕು. ಅಂದ್ರೆ ಆ 23, ಆ 32 ಅನ್ನೋದು ಬಂಗಾರದ ತೂಕದ ಹಾಗೆ ವಸ್ತುವಿನೊಳಗೆ ಕೂತಿರೋ ಸಂಖ್ಯೆ ಅಲ್ಲ. ವಸ್ತು ಎಷ್ಟು ಬೇಗ ಮಿದುಳು ಮುಟ್ಟುತ್ತೆ, ಎಷ್ಟು ಸುಲಭವಾಗಿ ಸಿಗುತ್ತೆ, ತಗೊಳ್ಳೋನ ಬದುಕು ಹೇಗಿದೆ, ಎಲ್ಲ ಸೇರಿ ಆಗೋ ಸಂಖ್ಯೆ. ಇಂಥ ಸಮೀಕ್ಷೆಗಳೆಲ್ಲ ಬಂದದ್ದು ಮೊನ್ನೆ ಮೊನ್ನೆ. ಅದಕ್ಕೂ ಮುಂಚೆ, ಇದಕ್ಕೆ ಚಟ ಹತ್ತುತ್ತಾ ಇಲ್ವಾ ಅಂತ ಜನ ಯಾರನ್ನ ಕೇಳ್ತಿದ್ರು? ಕೊಡೋನನ್ನ. ಮಾರೋನನ್ನ. ಅವನು ಏನು ಹೇಳ್ತಿದ್ದ ಅನ್ನೋದೇ ಇನ್ನೂರು ವರ್ಷದ ಕಥೆ.

ಅಫೀಮು ನಮಗೇನೂ ಹೊಸದಲ್ಲ. ಈಸ್ಟ್ ಇಂಡಿಯಾ ಕಂಪನಿ ಬಿಹಾರ, ಬನಾರಸ್ ಕಡೆ ರೈತರ ಕೈಲಿ ಗಸಗಸೆ ಗಿಡ ಬೆಳೆಸಿ, ಅದರ ಅಫೀಮನ್ನ ಕಲ್ಕತ್ತೆಯಲ್ಲಿ ಹರಾಜು ಹಾಕ್ತಿತ್ತು, ಅಲ್ಲಿಂದ ಅದು ಚೀನಾಕ್ಕೆ ಹೋಗ್ತಿತ್ತು. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಷು 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನ ಹಿಡಿದು ನಾಶ ಮಾಡಿಸಿದ. ಬ್ರಿಟಿಷರು ಯುದ್ಧಕ್ಕೇ ಬಂದರು. ಇದು ಶಾಲೆಯಲ್ಲಿ ಓದಿದ ಪಾಠ, ಬಿಡಿ. ಪಾಠದಲ್ಲಿ ಇಲ್ಲದ್ದು ಏನು ಅಂದ್ರೆ, ಆ ಹೊತ್ತಿಗಾಗಲೇ ಅಫೀಮಿನ ಮಗ ಹುಟ್ಟಿಯಾಗಿತ್ತು.

1800ರ ದಶಕದ ಆರಂಭದಲ್ಲಿ ಸೆರ್ಟ್ಯುರ್ನರ್ ಅನ್ನೋ ಜರ್ಮನಿಯ ಔಷಧ ಅಂಗಡಿಯ ಹುಡುಗ ಅಫೀಮಿನಿಂದ ಅದರ ಸಾರವನ್ನ ಬೇರೆ ಮಾಡಿದ. ಅದೇ ಮಾರ್ಫಿನ್. 1850ರ ದಶಕದಲ್ಲಿ ಸೂಜಿ ಮದ್ದು ಬಂತು. ಆಗ ಕೆಲವು ವೈದ್ಯರ ವಾದ ಕೇಳಿ: ಅಫೀಮನ್ನ ನುಂಗಿದರೆ ತಾನೇ ಅದರ ಹಸಿವು ಹುಟ್ಟೋದು, ಚರ್ಮದ ಕೆಳಗೆ ಚುಚ್ಚಿದರೆ ಹೊಟ್ಟೆಗೇ ಹೋಗಲ್ಲ, ಹಸಿವೂ ಇಲ್ಲ, ಚಟವೂ ಇಲ್ಲ! ನಗು ಬರುತ್ತೆ ಅಲ್ವಾ? ಆಗ ಯಾರೂ ನಗಲಿಲ್ಲ. ಚೀನಾದಲ್ಲಂತೂ ಅಫೀಮಿನ ಚಟ ಬಿಡಿಸೋಕೆ ಅಂತ ವಿದೇಶಿ ಪಾದ್ರಿಗಳು ಹಂಚಿದ ಮಾತ್ರೆಯಲ್ಲಿ ಇದ್ದದ್ದು ಮಾರ್ಫಿನ್ನೇ.

ಅಮೆರಿಕದ ಅಂತರ್ಯುದ್ಧದ ಕೊನೆಯಲ್ಲಿ, 1865ರಲ್ಲಿ, ಪೆಂಬರ್ಟನ್ ಅನ್ನೋ ಸೇನಾಧಿಕಾರಿ ಗಾಯಗೊಂಡ. ನೋವಿಗೆ ಮಾರ್ಫಿನ್ ತಗೊಂಡ, ಬಿಡೋಕಾಗಲಿಲ್ಲ. ವೃತ್ತಿಯಲ್ಲಿ ಔಷಧ ವ್ಯಾಪಾರಿ. ಮಾರ್ಫಿನ್ ಬದಲಿಗೆ ಇನ್ನೇನಾದರೂ ಸಿಗುತ್ತಾ ಅಂತ ಕೋಕಾ ಎಲೆ ಹಾಕಿ ಪಾನೀಯ ತಯಾರಿಸೋಕೆ ಶುರು ಮಾಡಿದ. ಆ ಪ್ರಯೋಗ 1886ರಲ್ಲಿ ಎಲ್ಲಿಗೆ ಬಂದು ನಿಂತಿತು ಗೊತ್ತಾ? ಕೋಕಾ ಕೋಲಾ. ಅವನ ಚಟ ಮಾತ್ರ ಬಿಡಲಿಲ್ಲ, 1888ರಲ್ಲಿ ಸತ್ತ.

ಈಗ ಬರೋದು ಮೊಮ್ಮಗ. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಪ್ರಯೋಗಾಲಯದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಔಷಧ ತಯಾರಾದವು. ಒಂದು ಆಸ್ಪಿರಿನ್. ಇನ್ನೊಂದು ಹೆರಾಯಿನ್. ಹೌದು, ಹೆರಾಯಿನ್ ಅನ್ನೋದು ಯಾವುದೋ ಕಳ್ಳಸಾಗಣೆದಾರ ಇಟ್ಟ ಹೆಸರಲ್ಲ, ಕಂಪನಿಯ ಟ್ರೇಡ್‌ಮಾರ್ಕ್. 1898ರಿಂದ ಅದನ್ನ ಮಾರಿದ್ದು ಕೆಮ್ಮಿನ ಔಷಧಿಯಾಗಿ. ಮಾರ್ಫಿನ್‌ನಷ್ಟು ಚಟ ಇದಕ್ಕಿಲ್ಲ, ಮಾರ್ಫಿನ್ ಚಟ ಬಿಡಿಸೋಕೂ ಇದೇ ಒಳ್ಳೇದು ಅಂತ ಬರೆದ ವೈದ್ಯರೂ ಇದ್ದರು. ತಮಾಷೆ ನೋಡಿ: ಹೆರಾಯಿನ್ ಮಿದುಳಿಗೆ ಹೋದ ಮೇಲೆ ಮತ್ತೆ ಮಾರ್ಫಿನ್ನೇ ಆಗುತ್ತೆ. ವ್ಯತ್ಯಾಸ ಇರೋದು ವೇಗದಲ್ಲಿ. ಮಾರ್ಫಿನ್ ಎತ್ತಿನಗಾಡಿ, ಹೆರಾಯಿನ್ ಎಕ್ಸ್‌ಪ್ರೆಸ್ ರೈಲು. ಚಟದ ವಿಷಯದಲ್ಲಿ ಈ ವೇಗವೇ ದೊಡ್ಡ ಸಂಗತಿ, ಸುಖ ಎಷ್ಟು ಬೇಗ ಬರುತ್ತೋ ಮಿದುಳು ಅಷ್ಟು ಗಟ್ಟಿಯಾಗಿ ಪಾಠ ಕಲಿಯುತ್ತೆ. ಅಮೆರಿಕ 1924ರಲ್ಲಿ ಹೆರಾಯಿನ್ ನಿಷೇಧಿಸೋ ಹೊತ್ತಿಗೆ ಆ ಪಾಠ ಬೀದಿಗೆ ಬಂದಾಗಿತ್ತು.

ಇಲ್ಲಿ ಒಂದು ಮಾತು. ಅಫೀಮಿನ ವಂಶದ ಔಷಧಗಳನ್ನ ಕೆಲವು ವಾರ ತಗೊಂಡರೆ ಯಾರ ದೇಹವಾದರೂ ಅದಕ್ಕೆ ಹೊಂದಿಕೊಳ್ಳುತ್ತೆ. ಥಟ್ಟನೆ ನಿಲ್ಲಿಸಿದರೆ ಆಕಳಿಕೆ, ಮೈ ಜುಮ್ಮೆನ್ನೋದು, ಭೇದಿ, ನಿದ್ದೆ ಇಲ್ಲ. ನಿಧಾನವಾಗಿ ಇಳಿಸಿದರೆ ಸರಿಹೋಗುತ್ತೆ. ಇದು ಚಟ ಅಲ್ಲ. ಮನೆ ಮಾರಿ, ಮಕ್ಕಳನ್ನ ಮರೆತು, ಹಾಳಾಗ್ತಿದ್ದೀನಿ ಅಂತ ಗೊತ್ತಿದ್ದೂ ಹುಡುಕಿಕೊಂಡು ಹೋಗೋದು ಚಟ. ಇವೆರಡನ್ನ ನಾವು ಟೀವಿಯವರು ಒಂದೇ ಮಾಡಿಬಿಡ್ತೀವಿ. ಇನ್ನೊಂದು ವಿಚಿತ್ರ: ಹೆರಾಯಿನ್ ಬಿಟ್ಟಾಗಿನ ನರಳಾಟ ಸಾಮಾನ್ಯವಾಗಿ ಕೊಲ್ಲಲ್ಲ, ವರ್ಷಗಟ್ಟಲೆ ಕುಡಿದವನು ವೈದ್ಯರಿಲ್ಲದೆ ಏಕಾಏಕಿ ಹೆಂಡ ನಿಲ್ಲಿಸಿದರೆ ಜೀವ ಹೋಗಬಹುದು.

ಹೆರಾಯಿನ್ ಒಮ್ಮೆ ಹಿಡಿದರೆ ಬಿಡಲ್ಲ ಅನ್ನೋ ನಂಬಿಕೆಯನ್ನ ಅಲ್ಲಾಡಿಸಿದ್ದು ವಿಯೆಟ್ನಾಂ. 1971ರಲ್ಲಿ ಅಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಹೆರಾಯಿನ್ ಹಾವಳಿ ಕಂಡು ಅಧ್ಯಕ್ಷ ನಿಕ್ಸನ್ ಬೆಚ್ಚಿಬಿದ್ದರು. ಇವರೆಲ್ಲ ಊರಿಗೆ ಬಂದರೆ ಗತಿ ಏನು? ಲೀ ರಾಬಿನ್ಸ್ ಅನ್ನೋ ಸಂಶೋಧಕಿ ಆ ಸೈನಿಕರ ಬೆನ್ನು ಹತ್ತಿದರು. ಸುಮಾರು ಐದರಲ್ಲಿ ಒಬ್ಬ ಅಲ್ಲಿ ಚಟಕ್ಕೆ ಬಿದ್ದಿದ್ದ. ಅಂಥವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ 5. ಮೂರು ವರ್ಷದಲ್ಲಿ 12. ಮಿಕ್ಕವರ ವಿಷಯದಲ್ಲಿ ಏನಾಯಿತು? ಯುದ್ಧ ಹೋಯಿತು, ಭಯ ಹೋಯಿತು, ಕೈಗೆಟುಕುವ ಹೆರಾಯಿನ್ ಹೋಯಿತು. ಹೆಂಡತಿ, ಮನೆ, ಕೆಲಸ ಬಂತು. ಜನ ಮೊದಮೊದಲು ಈ ಅಧ್ಯಯನವನ್ನ ನಂಬಲೇ ಇಲ್ಲ.

ಈಗ ಬರೋಣ ಆ ಪತ್ರಕ್ಕೆ. ಚಟದ ಇತಿಹಾಸದಲ್ಲಿ ಇದಕ್ಕಿಂತ ಚಿಕ್ಕ, ಇದಕ್ಕಿಂತ ದುಬಾರಿ ಬರಹ ನಾನು ಕಂಡಿಲ್ಲ.

1980ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಸಂಪಾದಕರಿಗೆ ಬರೆದ ಐದು ವಾಕ್ಯದ ಒಂದು ಪತ್ರ ಬಂತು. ಬರೆದವರು ಬಾಸ್ಟನ್ನಿನ ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್. ವಿಷಯ ಇಷ್ಟೇ: ಆಸ್ಪತ್ರೆಯಲ್ಲಿ ಇಂಥ ಔಷಧವನ್ನ ಒಮ್ಮೆಯಾದರೂ ಪಡೆದ 11,882 ರೋಗಿಗಳ ದಾಖಲೆ ನೋಡಿದ್ವಿ, ಮೊದಲಿಂದ ಚಟ ಇಲ್ಲದವರಲ್ಲಿ ಹೊಸದಾಗಿ ಚಟಕ್ಕೆ ಬಿದ್ದದ್ದು ಖಚಿತವಾಗಿ ಕಂಡದ್ದು ನಾಲ್ವರಲ್ಲಿ ಮಾತ್ರ. ಪತ್ರದಲ್ಲಿ ತಪ್ಪೇನೂ ಇಲ್ಲ. ಆದರೆ ಅವರು ಆಸ್ಪತ್ರೆ ಮಂಚದ ಮೇಲೆ ಮಲಗಿದ್ದ ರೋಗಿಗಳು, ಔಷಧ ಕೊಡ್ತಿದ್ದದ್ದು ದಾದಿಯರು. ಮನೆಗೆ ಡಬ್ಬಿಗಟ್ಟಲೆ ಮಾತ್ರೆ ಒಯ್ದು ತಿಂಗಳುಗಟ್ಟಲೆ ನುಂಗಿದವರ ಬಗ್ಗೆ ಅದರಲ್ಲಿ ಒಂದಕ್ಷರ ಇಲ್ಲ.

1996ರಲ್ಲಿ ಪರ್ಡ್ಯೂ ಫಾರ್ಮಾ ಅನ್ನೋ ಕಂಪನಿ ಆಕ್ಸಿಕಾಂಟಿನ್ ಅನ್ನೋ ಮಾತ್ರೆಯನ್ನ ಮಾರುಕಟ್ಟೆಗೆ ಬಿಟ್ಟಿತು. ಒಳಗಿದ್ದದ್ದು ಆಕ್ಸಿಕೋಡೋನ್, ಅದೇ ಅಫೀಮಿನ ವಂಶ. ಮಾತ್ರೆ 12 ಗಂಟೆ ನಿಧಾನವಾಗಿ ಕರಗುತ್ತೆ, ಆದ್ದರಿಂದ ದುರ್ಬಳಕೆ ಕಡಿಮೆ ಎಂದು ನಂಬಲಾಗಿದೆ ಅಂತ ಸರ್ಕಾರವೇ ಒಪ್ಪಿದ ಲೇಬಲ್ ಮೇಲೆ ಅಚ್ಚಾಗಿತ್ತು. ಗಮನಿಸಿ, "ನಂಬಲಾಗಿದೆ". ಯಾರು ನಂಬಿದ್ದು? ಆ ಅರ್ಜಿಯನ್ನ ಪರಿಶೀಲಿಸಿದ ಅಧಿಕಾರಿ ಮುಂದೆ ಅದೇ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು, ಅದು ಬೇರೆ ಮಾತು. ಕಂಪನಿಯ ಮಾರಾಟ ಪ್ರತಿನಿಧಿಗಳು ವೈದ್ಯರ ಬಾಗಿಲಿಗೆ ಹೋಗಿ, ಚಟದ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ ಅಂತ ಹೇಳಿದರು. ಆ ಮಾತಿನ ಬೇರು ಹಿಡಿದು ಹೋದರೆ ಸಿಗೋದು ಐದು ವಾಕ್ಯದ ಪತ್ರ. 1996ರಲ್ಲಿ 4.8 ಕೋಟಿ ಡಾಲರ್ ಇದ್ದ ಮಾರಾಟ 2000ದಲ್ಲಿ ಸುಮಾರು 110 ಕೋಟಿ ಡಾಲರ್ ಆಯಿತು. ಜನಕ್ಕೆ ಗುಟ್ಟು ಗೊತ್ತಾಗೋಕೆ ಎಷ್ಟು ಹೊತ್ತು? ಮಾತ್ರೆಯನ್ನ ಪುಡಿ ಮಾಡಿದರೆ 12 ಗಂಟೆಯ ಔಷಧ ಒಂದೇ ಏಟಿಗೆ ಸಿಗುತ್ತೆ. ಎತ್ತಿನಗಾಡಿ ಅಂತ ಮಾರಿದ್ದು ಎಕ್ಸ್‌ಪ್ರೆಸ್ ಆಗಿಹೋಯಿತು.

2007ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 60 ಕೋಟಿ ಡಾಲರ್ ಆಸುಪಾಸು ದಂಡ ಕಟ್ಟಿತು. 2020ರಲ್ಲಿ ಇನ್ನೊಂದು ಸಲ ತಪ್ಪೊಪ್ಪಿಕೊಂಡಿತು. 2010ರಲ್ಲಿ ಪುಡಿ ಮಾಡೋಕೆ ಆಗದ ಮಾತ್ರೆ ಬಂತು, ಆದರೆ ಚಟಕ್ಕೆ ಬಿದ್ದವರು ಅಷ್ಟಕ್ಕೆ ಬಿಡ್ತಾರಾ? ಹೆರಾಯಿನ್‌ಗೆ ಹೋದರು. ಅಲ್ಲಿಂದ ಫೆಂಟನಿಲ್‌ಗೆ. ಅದು ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಶಕ್ತಿಯದು, 2 ಮಿಲಿಗ್ರಾಂ ಸಾಕು ಜೀವ ತೆಗೆಯೋಕೆ. 2021 ಒಂದೇ ವರ್ಷದಲ್ಲಿ ಈ ವಂಶದ ಮಾದಕಗಳು ಅಮೆರಿಕದಲ್ಲಿ ಸುಮಾರು 80,000 ಜನರನ್ನ ಬಲಿ ತಗೊಂಡವು. ಆ ಪುಟ್ಟ ಪತ್ರವನ್ನ ಎಷ್ಟು ಕಡೆ ಉಲ್ಲೇಖಿಸಿದ್ದಾರೆ ಅಂತ 2017ರಲ್ಲಿ ಎಣಿಸಿದರು: 608 ಕಡೆ. ಅದರಲ್ಲಿ ಹೆಚ್ಚುಕಡಿಮೆ ನೂರಕ್ಕೆ 80 ಕಡೆ, ಅವರು ಆಸ್ಪತ್ರೆಯಲ್ಲಿದ್ದ ರೋಗಿಗಳು ಅನ್ನೋ ಮಾತೇ ಇಲ್ಲ. ಕಂಪನಿಗಳು ತಮ್ಮ ಪತ್ರವನ್ನ ಬಳಸಿಕೊಂಡ ರೀತಿ ನೋಡಿ ಜಿಕ್ ಅದೇ ವರ್ಷ ನೊಂದು ಮಾತಾಡಿದರು.

ಇದೆಲ್ಲ ಅಮೆರಿಕದ ಪಾಪ, ನಮಗೇನು ಅನ್ನಬೇಡಿ. ಟ್ರಮಡಾಲ್ ಅನ್ನೋ ನೋವಿನ ಮಾತ್ರೆಗೆ ಚಟದ ಭಯ ಕಡಿಮೆ ಅಂತಲೇ ಜಗತ್ತಿನಾದ್ಯಂತ ಮಾರಿದ್ದು. 2018ರಲ್ಲಿ ನಮ್ಮ ಸರ್ಕಾರ ಅದನ್ನ ಮಾದಕ ವಸ್ತು ಕಾನೂನಿನ ಕೆಳಗೆ ತರಬೇಕಾಯಿತು. ಮುಂದಿನ ಸರದಿ ಟಪೆಂಟಡಾಲ್. ಮುಂಬೈನ ಒಂದು ಕಂಪನಿ ಅದನ್ನ ಇನ್ನೊಂದು ಔಷಧದ ಜತೆ ಬೆರೆಸಿ ಪಶ್ಚಿಮ ಆಫ್ರಿಕಾಕ್ಕೆ ಕಳಿಸ್ತಿರೋದನ್ನ 2025ರ ಫೆಬ್ರುವರಿಯಲ್ಲಿ ಬಿಬಿಸಿ ಬಯಲು ಮಾಡಿದ ಮೇಲೆ ಆ ರಫ್ತಿಗೆ ತಡೆ ಬಿತ್ತು. ಕಲ್ಕತ್ತೆಯ ಹರಾಜು ನೆನಪಾಯಿತಾ? 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆ ಪ್ರಕಾರ ಈ ವಂಶದ ಯಾವುದಾದರೂ ಒಂದನ್ನ ಬಳಸೋ ಭಾರತೀಯರು ಸುಮಾರು 2.26 ಕೋಟಿ.

ಹಾಗಾದರೆ ಕಾನೂನು ಬಿಗಿ ಮಾಡಿದರೆ ಆಯಿತು ಅಲ್ವಾ? ಮಾಡಿದ್ವಿ. 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ತಂದ್ವಿ. ಎಷ್ಟು ಬಿಗಿ ಅಂದ್ರೆ, ಔಷಧವಾಗಿ ಮಾರ್ಫಿನ್ ಇಟ್ಟುಕೊಳ್ಳೋಕೂ ಆಸ್ಪತ್ರೆಗಳು ಹಲವು ಲೈಸೆನ್ಸ್ ಹಿಡಿದು ಓಡಾಡಬೇಕಿತ್ತು, ಲೆಕ್ಕ ತಪ್ಪಿದರೆ ಜೈಲಿನ ಭಯ. ಯಾರಿಗೆ ಬೇಕು ಈ ಉಸಾಬರಿ ಅಂತ ಆಸ್ಪತ್ರೆಗಳು ಇಡೋದನ್ನೇ ಬಿಟ್ಟವು. ನೂರಾರು ಕಿಲೋ ಬಳಕೆಯಾಗ್ತಿದ್ದ ಮಾರ್ಫಿನ್ 1997ರ ಹೊತ್ತಿಗೆ ಇಡೀ ದೇಶಕ್ಕೆ 20 ಕಿಲೋಗಿಂತ ಕೆಳಗೆ ಬಂತು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಸರ್ಕಾರದ ಪರವಾನಗಿ ಮೇಲೆ ಅಫೀಮು ಬೆಳೆದು ಹೊರದೇಶಕ್ಕೆ ಕಳಿಸೋ ದೇಶ ಇದು! ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಬಾಗಿಲು ತಟ್ಟಿದ ಮೇಲೆ 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಬೆಂಗಳೂರಿನಲ್ಲಿ ಕರುಣಾಶ್ರಯದಂಥ ಕಡೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳ ನೋವನ್ನ ಉಚಿತವಾಗಿ ನೋಡಿಕೊಳ್ತಾರೆ. ತಾಲ್ಲೂಕು ಮಟ್ಟದಲ್ಲಿ ಇವತ್ತಿಗೂ ಎಷ್ಟು ಕಡೆ ಒಂದು ಮಾರ್ಫಿನ್ ಮಾತ್ರೆ ಸಿಗುತ್ತೆ, ನೀವೇ ವಿಚಾರಿಸಿ ನೋಡಿ.

ಇದನ್ನ ನಾನು ಇಷ್ಟು ಖಾರವಾಗಿ ಹೇಳೋಕೆ ಕಾರಣ ಇದೆ. ಆ ತಿದ್ದುಪಡಿಗೂ ಎಷ್ಟೋ ವರ್ಷ ಮುಂಚೆ ನಮ್ಮ ದೊಡ್ಡಪ್ಪನಿಗೆ ಕರುಳಿನ ಕ್ಯಾನ್ಸರ್ ಆಗಿ ಬೆನ್ನುಮೂಳೆಗೆ ಹರಡಿತ್ತು. ಊರಿನ ಆಸ್ಪತ್ರೆಯಲ್ಲಿ ಮಾರ್ಫಿನ್ ಇರಲಿಲ್ಲ. ಅಲ್ಲಿನ ಯುವ ವೈದ್ಯರೊಬ್ಬರು ನನ್ನನ್ನ ಹೊರಗೆ ಕರೆದು, ಬೆಂಗಳೂರಿಗೆ ಒಂದು ಚೀಟಿ ಬರೆದುಕೊಡ್ತೀನಿ, ಅಲ್ಲಿ ಮಾತ್ರೆ ಕೊಡ್ತಾರೆ, ತಂದುಬಿಡಿ ಅಂದರು. ಮನೆಯಲ್ಲಿ ಮಾತುಕತೆ ಆಯಿತು. ಬೇಡ, ಅದು ಅಫೀಮು, ಒಮ್ಮೆ ಕೊಟ್ಟರೆ ಚಟ ಹತ್ತುತ್ತೆ ಅಂತ ಹೇಳಿದವರಲ್ಲಿ ನಾನೂ ಒಬ್ಬ. ಓದಿದವನು, ಪತ್ರಕರ್ತ ಬೇರೆ, ನನ್ನ ಮಾತಿಗೆ ಮನೆಯಲ್ಲಿ ಬೆಲೆ ಇತ್ತು. ಚೀಟಿ ನನ್ನ ಜೇಬಿನಲ್ಲೇ ಉಳಿಯಿತು. ದೊಡ್ಡಪ್ಪ ರಾತ್ರಿ ಹೊತ್ತು ಅಕ್ಕಪಕ್ಕದ ಮನೆಗೆ ಕೇಳಬಾರದು ಅಂತ ಟವೆಲ್ ಕಚ್ಚಿಕೊಳ್ತಿದ್ದರು. ಆಮೇಲೆ ಅವರು ಇದ್ದದ್ದು 19 ದಿನ.